ಲಂಗರಿಗೆ ಹೋದ ವಿಹಾರ

ಕಡಲತಡಿಯ ಊರುಗಳನ್ನು ಸುತ್ತಿ ಬಂದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಆ ದಂಡೆಯಲ್ಲಿ ಹಿಂದೆ ದೊಡ್ಡ ಬೌದ್ಧ ವಿಹಾರವಿತ್ತಂತೆ. ಈಗ ಅಡಿಪಾಯವೂ ಇಲ್ಲ. ಕಡಲು ನುಂಗಿತು ಎಂದು ಒಬ್ಬ ಹೇಳಿದ. ಇಲ್ಲ, ರಾಜ ಕೆಡವಿಸಿದ ಎಂದು ಇನ್ನೊಬ್ಬ ಜಗಳಕ್ಕೇ ಬಂದ. ಕೇಳಿದಷ್ಟೂ ತಲೆ ಕೆಟ್ಟಿತು. ಅದನ್ನು ಹಾಳು ಮಾಡಿದವರು ಯಾರು?"

"ಹಾಳು ಮಾಡಿದವನ ಹೆಸರು ಸಿಕ್ಕಿಬಿಟ್ಟರೆ ನಿನ್ನ ಹೊಟ್ಟೆ ತಣ್ಣಗಾಗುತ್ತದೆ, ಅಲ್ಲವೆ?" ಎಂದರು ಗುರುಗಳು. "ನನ್ನ ಗುರುಗಳಿಂದ ಕೇಳಿದ್ದನ್ನು ಹೇಳುತ್ತೇನೆ. ತಲೆ ಇನ್ನಷ್ಟು ಕೆಟ್ಟರೆ ನನ್ನನ್ನು ಬೈಯಬೇಡ."

ಅವರು ಹೇಳಿದ್ದು ಇಷ್ಟು.

ಆ ವಿಹಾರವನ್ನು ಕರಿಗಲ್ಲಿನಲ್ಲಿ ಕಟ್ಟಿದ್ದರು. ಒಬ್ಬ ಹಿರಿಯ ಭಿಕ್ಷು ಅದನ್ನು ನೋಡಿಕೊಳ್ಳುತ್ತಿದ್ದ. ಸಂಘದ ಸೊತ್ತನ್ನು, ಅದು ಒಂದು ಕಲ್ಲೇ ಆಗಲಿ, ಹೊರಗಿನವರಿಗೆ ಕೊಡಬಾರದೆಂಬುದು ಭಿಕ್ಷುಗಳ ನಿಯಮ. ಸುತ್ತಲಿದ್ದವರು ಮೀನುಗಾರರು. ಅವರ ದೋಣಿಗೆ ಲಂಗರೆಂದರೆ ಹಗ್ಗ ಬಿಗಿದ ಒಂದು ಕಲ್ಲು, ಅಷ್ಟೇ.

ಒಂದು ದಿನ ಒಬ್ಬ ಮೀನುಗಾರ ಹೆಂಗಸು ಬಂದಳು. ಕಡಲಿಗೆ ಹೋದ ಅವಳ ಗಂಡ ತಿರುಗಿ ಬಂದಿರಲಿಲ್ಲ. ಈಗ ಇದ್ದೊಬ್ಬ ಮಗನೂ ದೋಣಿ ಇಳಿಸಲು ಹೊರಟಿದ್ದ.

"ಸ್ವಾಮಿ, ನಿಮ್ಮ ಗೋಡೆಯದು ಒಂದು ಕಲ್ಲು ಕೊಡಿ. ಇಷ್ಟು ಕಾಲ ನಿಮ್ಮ ಮಂತ್ರ ಕೇಳಿದ ಕಲ್ಲು. ಲಂಗರಿಗೆ ಕಟ್ಟಿದರೆ ನನ್ನ ಮಗನ ಕೈ ಬಿಡುವುದಿಲ್ಲ."

"ಕಲ್ಲಿನಲ್ಲಿ ಏನೂ ಇಲ್ಲ ತಾಯಿ."

"ಅದು ನಿಮಗೆ ಗೊತ್ತು. ನನಗೆ ನಿದ್ದೆ ಬರಬೇಕಲ್ಲ."

ನಿಯಮ ಭಿಕ್ಷುವಿಗೆ ಬಾಯಿಪಾಠ. ಆದರೂ 'ಇಲ್ಲ' ಎನ್ನಲು ಅವನಿಂದ ಆಗಲಿಲ್ಲ. ಅಂಗಳದ ಗೋಡೆಯ ತುದಿಯಿಂದ ಒಂದು ಕಲ್ಲನ್ನು ಕೀಳಿಸಿ ಕೊಟ್ಟ.

ಅದೇ ವರ್ಷ ಬಿರುಗಾಳಿ ಎದ್ದಿತು. ಅವಳ ಮಗ ಬದುಕಿ ಬಂದ. ಇನ್ನು ಕೇಳಬೇಕೆ, ಊರಿಗೆ ಊರೇ ಬಾಗಿಲಲ್ಲಿ ನಿಂತಿತು. ಎಲ್ಲರಿಗೂ ಮಕ್ಕಳಿದ್ದರು ಮಾರಾಯ. ಒಬ್ಬಳ ಮಗನಿಗೆ ಕೊಟ್ಟವನು ಇನ್ನೊಬ್ಬಳ ಮಗನಿಗೆ ಯಾವ ಬಾಯಲ್ಲಿ ಇಲ್ಲವೆನ್ನಲಿ? ಅಂಗಳದ ಗೋಡೆ ಮುಗಿಯಿತು, ಸಭಾಂಗಣಕ್ಕೆ ಕೈ ಬಿತ್ತು. ಆ ಕಲ್ಲು ಕಟ್ಟಿಕೊಂಡ ದೋಣಿಗಳೂ ಕೆಲವು ಮುಳುಗಿದವು, ಕಟ್ಟಿಕೊಳ್ಳದವೂ ಕೆಲವು ದಡ ಸೇರಿದವು. ಜನ ಬರುವುದು ಮಾತ್ರ ನಿಲ್ಲಲಿಲ್ಲ.

ಮಳೆಗಾಲದಲ್ಲಿ ಭಿಕ್ಷುಗಳು ಅಲೆಯುವಂತಿಲ್ಲ, ಒಂದು ಸೂರಿನಡಿ ನೆಲೆ ನಿಲ್ಲಬೇಕು. ಸೂರೇ ಇಲ್ಲವಾದ ಮೇಲೆ ಒಬ್ಬೊಬ್ಬರಾಗಿ ಬೇರೆ ಸೀಮೆಗೆ ಹೊರಟರು. ಹೊರಡುವಾಗ ಒಬ್ಬ ಕಿರಿಯ ಭಿಕ್ಷು ಕಣ್ಣಲ್ಲಿ ನೀರು ತಂದುಕೊಂಡು, "ಶತ್ರು ಬಂದಿದ್ದರೂ ಇಷ್ಟು ಚೊಕ್ಕವಾಗಿ ಕೆಡವುತ್ತಿರಲಿಲ್ಲ" ಎಂದ. ಹಿರಿಯನು ಅದಕ್ಕೆ ಹೌದೆಂದ.

ಕೊನೆಗೆ ಒಂದು ಮಳೆಗಾಲ ಆ ಮೊದಲನೆಯ ಹೆಂಗಸಿನ ಮಗನೂ ತಿರುಗಿ ಬರಲಿಲ್ಲ. ಅವಳು ಅಲ್ಲಿ ಒಬ್ಬನೇ ಉಳಿದಿದ್ದ ಹಿರಿಯನ ಬಳಿಗೆ ಬಂದಳು. ಶಪಿಸುತ್ತಾಳೆಂದುಕೊಂಡ ಅವನು. ಶಪಿಸಿದರೆ ಒಳ್ಳೆಯದು ಎಂದೂ ಅನ್ನಿಸಿತು. ಅವಳು ಬರಿ ನೆಲದ ಮೇಲೆ ಕುಳಿತು, "ಇಷ್ಟು ವರ್ಷ ನಿದ್ದೆ ಮಾಡಿದೆ ಸ್ವಾಮಿ" ಎಂದಳು. ಎದ್ದು ಹೋದಳು.

ಅದು ಉಪಕಾರ ನೆನೆದ ಮಾತೋ ದೂರಿದ ಮಾತೋ ಅವನಿಗೆ ತಿಳಿಯಲಿಲ್ಲ. ಸಾಯುವವರೆಗೂ ತಿಳಿಯಲಿಲ್ಲವಂತೆ. ನನ್ನ ಗುರುಗಳಿಗೂ ತಿಳಿದಿರಲಿಲ್ಲ, ನನಗೂ ಇಲ್ಲ.

ಗುರುಗಳು ಕಥೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ವಿಹಾರವನ್ನು ಹಾಳು ಮಾಡಿದವನು ಆ ಹಿರಿಯನೇ. ಮೊದಲನೆಯ ದಿನವೇ ಅವಳಿಗೆ ಇಲ್ಲವೆಂದಿದ್ದರೆ ಮುಗಿಯುತ್ತಿತ್ತು" ಎಂದ.

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು: "ಆ ತಾಯಿ ಈಗ ನಿನ್ನ ಎದುರಿಗೆ ನಿಂತಿದ್ದಾಳೆ; ಎಲ್ಲಿ, ಇಲ್ಲ ಅನ್ನು ನೋಡೋಣ."