ಅರ್ಧ ಹೊಲಿದ ಗೆರೆ

ಹೊಳೆಯ ದಂಡೆಗೆ ಗುರುಶಾಂತವ್ವನ ಮನೆ. ಕಸೂತಿ ಕಲಿಯುವವರು ಬರುತ್ತಿದ್ದರು, ಕಲಿತವರು ಹೋಗುತ್ತಿದ್ದರು. ಹೊಳೆಯೂ ಅಷ್ಟೇ, ಬರುತ್ತಿತ್ತು, ಹೋಗುತ್ತಿತ್ತು. ಗುರುಶಾಂತವ್ವ ಯಾರನ್ನೂ ತಡೆಯುತ್ತಿರಲಿಲ್ಲ.

ಮಹಾನಂದಾ ಮಾತ್ರ ನಾಲ್ಕು ವರ್ಷದಿಂದ ಅಲ್ಲೇ ಇದ್ದಳು. ಕೈ ಚೊಕ್ಕ. ಎಳೆ ಎಣಿಸಿ ಹೊಲಿದಳೆಂದರೆ ಬಟ್ಟೆಯ ಯಾವ ಮಗ್ಗುಲು ಮೇಲಿನದು, ಯಾವುದು ಕೆಳಗಿನದು ಎಂದು ಅವಳಿಗೇ ತಿಳಿಯುತ್ತಿರಲಿಲ್ಲ.

ಈಗ ಅವಳ ತಂಗಿಯ ಮದುವೆ ಗೊತ್ತಾಗಿತ್ತು. ಆ ಕಡೆಯ ಮದುಮಗಳು ಉಡುವ ಕಪ್ಪು ಸೀರೆಯ ಕಸೂತಿ ಅಕ್ಕನ ಪಾಲಿಗೆ ಬಂದಿತ್ತು. ಗೋಪುರ, ಆನೆ, ತೊಟ್ಟಿಲು, ತುಳಸಿಕಟ್ಟೆ ಎಲ್ಲ ಹೊಲಿದು ಮುಗಿದಿತ್ತು. ಸೆರಗಿನ ನಡುವೆ ಅಂಗೈಯಗಲದ ಜಾಗವೊಂದು ಖಾಲಿ ಉಳಿದಿತ್ತು.

ಅದು ಆ ಮನೆಯ ಪದ್ಧತಿ. ಮದುವೆಯ ಸೀರೆಯಲ್ಲಿ ಒಂದು ಚಿತ್ತಾರವಾದರೂ ಹಿಂದೆ ಯಾರೂ ಹೊಲಿಯದ್ದು ಇರಬೇಕು. ಇಲ್ಲವಾದರೆ ಸೀರೆ ಗುರುಶಾಂತವ್ವನ ಪೆಟ್ಟಿಗೆ ಬಿಟ್ಟು ಹೊರಡುತ್ತಿರಲಿಲ್ಲ. ಮದುಮಗಳು ಅಂಗಡಿಯ ಸೀರೆ ಉಡಬೇಕಾಗುತ್ತಿತ್ತು.

ಮದುವೆಗೆ ಎಂಟು ದಿನ ಇತ್ತು.

ಮಹಾನಂದಾ ಕಾಗದದ ಮೇಲೊಂದು ನವಿಲು ಬರೆದು ತಂದಳು.

ಗುರುಶಾಂತವ್ವ ಕನ್ನಡಕ ಏರಿಸಿ ನೋಡಿದಳು. “ಈ ನವಿಲು ನನಗ ಗೊತ್ತೈತಿ. ಇದರ ಅಜ್ಜನ್ನ ನಮ್ಮವ್ವ ಹೊಲಿದಿದ್ಲು.”

“ಹೊಸಾದು ಎಲ್ಲಿಂದ ತರ್ಲಿ ಆಯಿ? ಕಣ್ಣು ಮುಚ್ಚಿದ್ರ ಬರೇ ಹಳೇವ ಕಾಣತಾವು.”

“ಹಂಗಾರ ಮುಚ್ಚಬ್ಯಾಡ. ಮ್ಯಾಲಿನ ಊರಾಗ ಹಳೇ ಗುಡಿ ಐತಿ. ದಂಡಿ ಹಿಡದು ಹೋಗಿ ನೋಡ್ಕೊಂಡು ಬಾ.”

ಮಹಾನಂದಾ ಹೋದಳು. ಅರ್ಧ ದಿನದ ನಡಿಗೆ. ಗುಡಿಯ ಕಂಬಗಳಲ್ಲಿ ಹಂಸಗಳಿದ್ದವು, ಬಳ್ಳಿಗಳಿದ್ದವು, ಅರ್ಧ ಸಿಂಹ ಅರ್ಧ ಆನೆಯಾದ ಪ್ರಾಣಿಗಳಿದ್ದವು. ಹನ್ನೆರಡು ಕಾಗದ ತುಂಬಿಸಿದಳು. ಕಾಲು ಸೋತಿತ್ತು. ಕೆಳಗಿನ ಊರಿಗೆ ಹೊರಟ ಹರಿಗೋಲೊಂದು ಸಿಕ್ಕಿತು, ಹತ್ತಿ ಮಲಗಿದಳು. ಮೋಡ ತೇಲಿತು, ಅವಳೂ ತೇಲಿದಳು. ಕಣ್ಣು ಬಿಟ್ಟಾಗ ಮನೆಯ ಮೆಟ್ಟಿಲು ಬಂದಿತ್ತು.

ಗುರುಶಾಂತವ್ವ ಕಾಗದಗಳನ್ನು ಒಂದೊಂದಾಗಿ ಹರಡಿದಳು.

“ಚಲೋ ಅದಾವು. ಕಲ್ಲು ಕೆತ್ತಿದಾಂವನ ಕೈ ಭಾಳ ಚಲೋ.”

“ನನ್ನ ಕೈ?”

“ನಿನ್ನ ಕೈ ಹರಿಗೋಲಿನ್ಯಾಗ ನಿದ್ದಿ ಮಾಡೇತಿ.”

ಮಹಾನಂದಾ ಕೆನ್ನೆ ಮುಟ್ಟಿಕೊಂಡಳು. ಹರಿಗೋಲಿನ ಬಿದಿರಿನ ಹೆಣಿಗೆ ಚೌಕ ಚೌಕವಾಗಿ ಅಲ್ಲಿ ಮೂಡಿತ್ತು.

ಗುರುಶಾಂತವ್ವ ಕಪ್ಪು ಬಟ್ಟೆಯ ತುಂಡೊಂದನ್ನು ಅವಳ ಮುಂದಿಟ್ಟಳು. “ಒಂದು ಗೆರಿ ಹೊಲಿ.”

ಮಹಾನಂದಾ ಬಿಳಿ ದಾರ ಹಾಕಿ ಹೊಲಿದಳು. ನಾಲ್ಕೆಳೆ ಮೇಲೆ, ನಾಲ್ಕೆಳೆ ಕೆಳಗೆ. ಒಂದು ಬಿಳಿ ಹೆಜ್ಜೆ, ಒಂದು ಖಾಲಿ. ಬಟ್ಟೆಯ ಅಂಚು ಮುಟ್ಟಿ ಸೂಜಿ ಹಿಂದಕ್ಕೆ ತಿರುಗಿಸುವಷ್ಟರಲ್ಲಿ ಗುರುಶಾಂತವ್ವ ಕತ್ತರಿ ತೆಗೆದು ದಾರ ಕತ್ತರಿಸಿಬಿಟ್ಟಳು.

“ಆಯಿ, ಇನ್ನೂ ಹೊಳ್ಳಿ ಬರೂದಿತ್ತು. ನಡುನಡುವ ಖಾಲಿ ಉಳದೈತಿ.”

“ಹೌದೇನು?” ಗುರುಶಾಂತವ್ವ ಮೊದಲ ಸಲ ಕೇಳಿದವಳ ಹಾಗೆ ಬಗ್ಗಿ ನೋಡಿದಳು. “ಅದನ್ನ ಯಾವಾಗ ತುಂಬತಾರ?”

“ಅದ ಗೆರೀ ಮ್ಯಾಲೆ ಹೊಳ್ಳಿ ಬರೂಮುಂದ. ನೀವ ಕಲಿಸೀರಿ.”

“ನಾ ಕಲಿಸೀನಿ ಖರೆ,” ಅಂದಳು ಗುರುಶಾಂತವ್ವ. “ಹರಿಗೋಲಿನಾಂವಗ ಗೊತ್ತಿಲ್ಲ, ಪಾಪ.”

ಮಹಾನಂದಾ ತುಂಡಾದ ದಾರದ ಸಮೇತ ಬಟ್ಟೆ ಮಡಚಿ ಸೆರಗಿಗೆ ಕಟ್ಟಿಕೊಂಡಳು.

ಮಾರನೆಯ ಬೆಳಗ್ಗೆ ಮತ್ತೆ ಹೊರಟಳು. ಈ ಸಲ ಕಾಗದ ಒಯ್ಯಲಿಲ್ಲ. ಅದೇ ದಂಡೆ, ಅದೇ ಬಂಡೆ, ಹೊಳೆ ತಿರುಗುವಲ್ಲಿ ಅದೇ ಹಸಿ ಕೆಸರು. ಗುಡಿಯ ಹೊಸ್ತಿಲು ಮುಟ್ಟಿ, ಒಳಗೆ ಹೋಗದೆ, ಬಂದ ದಾರಿಯಲ್ಲೇ ನಡೆದು ಹಿಂದಿರುಗಿದಳು.

ಹೋಗುವಾಗ ಬೆನ್ನು ತೋರಿಸಿದ್ದ ಮರಗಳು ಈಗ ಮುಖ ತೋರಿಸಿದವು. ಇಳಿಬಿಸಿಲಿಗೆ ಹೊಳೆ ನಿಂತಂತೆ, ದಂಡೆಯೇ ಹರಿಯುತ್ತಿರುವಂತೆ ಕಂಡಿತು. ತಾನೇ ನಡೆಯುತ್ತಿದ್ದೇನೋ, ತನ್ನ ನಡಿಗೆಯನ್ನು ಯಾರೋ ನೆನೆಸಿಕೊಳ್ಳುತ್ತಿದ್ದಾರೋ ಎಂದು ಒಂದು ಗಳಿಗೆ ಅವಳಿಗೆ ತಿಳಿಯಲಿಲ್ಲ.

ಕೆಸರಿನ ಹತ್ತಿರ ಬಂದಾಗ ಬೆಳಗಿನ ಅವಳದೇ ಹೆಜ್ಜೆಗಳು ಎದುರಿಗೆ ಬರುತ್ತಿದ್ದವು. ಕಾಣದ ಹೆಂಗಸೊಬ್ಬಳು ತನ್ನತ್ತ ನಡೆದು ಬರುವ ಹಾಗೆ. ಒಂದು ಹೆಜ್ಜೆ, ಒಂದು ಖಾಲಿ. ಒಂದು ಹೆಜ್ಜೆ, ಒಂದು ಖಾಲಿ.

ಖಾಲಿ ಅಲ್ಲ.

ಪ್ರತಿ ಎರಡು ಹೆಜ್ಜೆಯ ನಡುವೆಯೂ ಹಕ್ಕಿಯೊಂದರ ಪಾದ ಮೂಡಿತ್ತು. ಮುಂದೆ ಮೂರು ಗೆರೆ, ಹಿಂದೆ ಒಂದು. ಒಂದು ಜಾಗವನ್ನೂ ಅದು ಬಿಟ್ಟಿರಲಿಲ್ಲ. ಕೆಸರಿನ ಕೊನೆಯಲ್ಲಿ ಗುರುತು ನಿಂತಿತ್ತು. ಅಲ್ಲಿಂದ ಮುಂದೆ ಬರೀ ಆಕಾಶ.

ಮಹಾನಂದಾ ಕುಕ್ಕರಗಾಲಲ್ಲಿ ಕೂತು ಎಣಿಸಿದಳು. ಆಮೇಲೆ ಆ ಸಾಲನ್ನು ತುಳಿಯದೆ, ಅದರ ಬದಿಗೇ ನಡೆದು ಮನೆಗೆ ಬಂದಳು.

ಮೂರನೆಯ ದಿನ ತುಂಡು ಬಟ್ಟೆಯನ್ನು ಗುರುಶಾಂತವ್ವನ ಕೈಗಿತ್ತಳು.

ಗುರುಶಾಂತವ್ವ ಕನ್ನಡಕ ತೆಗೆದಿಟ್ಟು ಬೆರಳಿನಿಂದ ಓದಿದಳು. ಒಂದು ಓರೆ ಗೆರೆ, ಒಂದು ಪಾದ. ಒಂದು ಓರೆ ಗೆರೆ, ಒಂದು ಪಾದ. ತಿರುವಿ ಹಾಕಿ ಹಿಂದಿನ ಮಗ್ಗುಲನ್ನೂ ಮುಟ್ಟಿ ನೋಡಿದಳು.

“ಯಾವ ಹಕ್ಕಿ?”

“ಗೊತ್ತಿಲ್ಲ ಆಯಿ. ನಾ ಬರೂದ್ರಾಗ ಹಾರಿಹೋಗಿತ್ತು.”

ಗುರುಶಾಂತವ್ವ ಎದ್ದು ಪೆಟ್ಟಿಗೆ ತೆರೆದಳು. ಕಪ್ಪು ಸೀರೆ ತೆಗೆದು ಸೆರಗನ್ನು ಮಹಾನಂದಾಳ ತೊಡೆಯ ಮೇಲೆ ಹರಡಿದಳು. ಸೂಜಿಗೆ ತಾನೇ ದಾರ ಪೋಣಿಸಿದಳು. ಮೂರು ಸಲ ತಪ್ಪಿತು, ನಾಲ್ಕನೆಯ ಸಲ ಹೊಕ್ಕಿತು.

ಮಹಾನಂದಾ ಸೂಜಿ ತೆಗೆದುಕೊಂಡಳು. ಖಾಲಿ ಜಾಗಕ್ಕೆ ಚುಚ್ಚಲಿಲ್ಲ.

“ಯಾಕವಾ?”

“ಸುಳ್ಳು ಹೇಳಿದಂಗ ಆಗತೈತಿ ಆಯಿ. ನಾ ಬರೇ ನಡದೆ. ತುಂಬಿದ್ದು ಅದು. ನನ್ನ ತಂಗಿ ಸೆರಗಿನ ಮ್ಯಾಲೆ ಇದು ನಂದು ಅಂತ ಹೆಂಗ ಹೊಲೀಲಿ?”

ಗುರುಶಾಂತವ್ವ ಹೊಳೆಯ ಕಡೆ ನೋಡಿದಳು.

“ಆ ಹಕ್ಕೀನೂ ಹೊಳ್ಳಿ ಬಂದಿರತೈತಿ ಮಹಾನಂದಾ. ತನ್ನ ಹೆಜ್ಜಿ ನಡುನಡುವ ನಿನ್ನ ಹೆಜ್ಜಿ ನೋಡಿ, ಅದೂ ಇದು ನಂದು ಅಂತ ಹೆಂಗ ಅನ್ಲಿ ಅಂತ ಕೇಳಿರಬೇಕು.”