ಹಾಸು ಎಳೆಯುವ ಬೀದಿ

"ಬುದ್ಧಿ, ಒಂದು ಊರಿಗೆ ಏನು ತಂದರೆ ಊರು ಉದ್ಧಾರವಾಗುತ್ತದೆ?" ಎಂದು ಕೊಟ್ರೇಶ ಮಠದ ಗುರುಗಳನ್ನು ಕೇಳಿದ.

ಕೊಟ್ರೇಶ ಆ ಮಠದಲ್ಲೇ ಉಂಡು ಓದಿದವನು. ಈಗ ತನ್ನ ನಗರದ ಅಭಿವೃದ್ಧಿ ಮಂಡಳಿಯ ಅಧ್ಯಕ್ಷ. ನಗರ ಬಹಳ ದೊಡ್ಡದೂ ಅಲ್ಲ, ತೀರ ಚಿಕ್ಕದೂ ಅಲ್ಲ. ಅದರ ನಡುವೆ ಮಂಡಕ್ಕಿ ಹುರಿಯುವ ಭಟ್ಟಿಗಳ ಬಡಾವಣೆಯೊಂದಿತ್ತು. ಆ ಭಟ್ಟಿಗಳನ್ನು ಕೆಡವಿ ಅಲ್ಲಿ ದೊಡ್ಡ ವ್ಯಾಪಾರ ಮಳಿಗೆ ಕಟ್ಟಿಸಿದರೆ ಹೊರಗಿನ ಕಂಪನಿಗಳು ಬರುತ್ತವೆ ಎಂಬುದು ಅವನ ಯೋಜನೆ. ಮರುದಿನ ಅದಕ್ಕೆ ಸಹಿ ಹಾಕುವುದಿತ್ತು. ಸಹಿಗೆ ಮುಂಚೆ ಗುರುಗಳ ಆಶೀರ್ವಾದ ಇರಲಿ ಎಂದು ಬಂದಿದ್ದ.

ಗುರುಗಳ ಮುಖ ಕೆಂಪಾಯಿತು.

"ತರುವುದಂತೆ! ಊರೇನು ಖಾಲಿ ಬಿದ್ದಿದೆಯೇನಯ್ಯಾ, ಹೊರಗಿನಿಂದ ತಂದು ತುಂಬುವುದಕ್ಕೆ? ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಕೊಟ್ರೇಶ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರು. ಆ ಊರಿನಲ್ಲಿ ನೇಕಾರರ ಬೀದಿ. ಬಟ್ಟೆ ನೇಯುವುದಕ್ಕೆ ಮುಂಚೆ ಉದ್ದದ ನೂಲನ್ನೆಲ್ಲ ಹಿಂದಿನ ಸಂಜೆಯೇ ಗಂಜಿಯಲ್ಲಿ ನೆನೆಸಿ, ಬೆಳಿಗ್ಗೆ ಬೀದಿಯಲ್ಲಿ ಎಳೆದು ಕಟ್ಟಬೇಕು. ಆ ಉದ್ದದ ನೂಲಿಗೆ ಹಾಸು ಎನ್ನುತ್ತಾರೆ. ಎಳೆದು ಕಟ್ಟಿದ ಮೇಲೆ ಗಂಜಿ ಆರುವ ತನಕ ಕೈ ಬಿಡುವ ಹಾಗಿಲ್ಲ. ಈ ತುದಿಯಿಂದ ಆ ತುದಿಯವರೆಗೆ ನಿಂತು ತೀಡುತ್ತಲೇ ಇರಬೇಕು, ಎಳೆಗಳನ್ನು ಬಿಡಿಸುತ್ತಲೇ ಇರಬೇಕು. ಕೈ ಬಿಟ್ಟರೆ ಎಳೆಗೆ ಎಳೆ ಅಂಟಿ ಇಡೀ ಹಾಸು ಹಗ್ಗವಾಗುತ್ತದೆ. ಅದು ಒಂದು ಮನೆಯವರಿಂದ ಆಗುವ ಕೆಲಸವಲ್ಲ.

ಅದಕ್ಕೇ ಆ ಬೀದಿಯಲ್ಲಿ ಒಂದು ಪದ್ಧತಿಯಿತ್ತು. ಇವತ್ತು ಒಂದು ಮನೆಯ ಹಾಸು, ನಾಳೆ ಇನ್ನೊಂದು ಮನೆಯದು. ಯಾರ ಮನೆಯದೇ ಇರಲಿ, ಬೆಳಗಾದರೆ ಇಡೀ ಬೀದಿ ಬಂದು ಕೈ ಹಾಕುತ್ತಿತ್ತು. ಜಗಳವಾಡಿ ಮಾತು ಬಿಟ್ಟವರೂ ಬರುತ್ತಿದ್ದರು. ಮುಖ ತಿರುಗಿಸಿಕೊಂಡೇ ತೀಡಿ ಹೋಗುತ್ತಿದ್ದರು. ಹಾಸು ಬೀದಿಯಲ್ಲಿದ್ದಾಗ ಯಾರೂ ಅದನ್ನು ದಾಟುತ್ತಿರಲಿಲ್ಲ. ಮದುವೆಯ ದಿಬ್ಬಣ ಬಂದರೂ ಸುತ್ತು ಹಾಕಿ ಹೋಗುತ್ತಿತ್ತು. ವ್ಯಾಪಾರಿಗಳ ಗಾಡಿಗಳು ಬೀದಿಯ ಬಾಯಲ್ಲಿ ನಿಂತು ಕಾಯುತ್ತಿದ್ದವು. ಕಾದವರಿಗೆ ಒಳ್ಳೆಯ ಬಟ್ಟೆ ಸಿಗುತ್ತಿತ್ತು.

ಆ ಊರಿಗೆ ಒಬ್ಬ ಹೊಸ ಅಧಿಕಾರಿ ಬಂದ. ಅವನು ಕೆಟ್ಟವನಲ್ಲ. ಲಂಚ ಮುಟ್ಟುವವನಲ್ಲ. ಮುಟ್ಟುವವನಾಗಿದ್ದರೆ ಎಷ್ಟೋ ವಾಸಿಯಾಗಿತ್ತು, ಏನೋ ಒಂದಿಷ್ಟು ಕೈಗಿಟ್ಟು ಸುಮ್ಮನಾಗಿಸಬಹುದಿತ್ತು. ಈ ಮಹಾನುಭಾವನಿಗೆ ಊರು ಉದ್ಧಾರ ಮಾಡುವ ಹುಚ್ಚು!

ಒಬ್ಬ ವ್ಯಾಪಾರಿ ಅವನ ಬಳಿಗೆ ಹೋಗಿ ದೂರಿದ. ದಿನಾ ಬೆಳಿಗ್ಗೆ ತನ್ನ ಗಾಡಿ ನಿಂತುಬಿಡುತ್ತದೆ, ಹೀಗಾದರೆ ಈ ಊರಿಗೆ ಯಾರು ಬಂದಾರು ಎಂದ. ಅಧಿಕಾರಿ ಬೀದಿಗೆ ಬಂದು ನೋಡಿದ. ನೂಲು ಕಂಡಿತು, ನಿಂತ ಗಾಡಿ ಕಂಡಿತು. ನಿಂತ ಗಾಡಿಯ ಒಳಗೆ ತುಂಬುವ ಬಟ್ಟೆ ಆ ನೂಲಿನಿಂದಲೇ ಬರುತ್ತದೆ ಎಂಬುದು ಮಾತ್ರ ಅವನ ತಲೆಗೆ ಹೋಗಲಿಲ್ಲ. ಕಣ್ಣೆದುರಿಗೇ ಇತ್ತಲ್ಲ! ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ಜಗಲಿಗಳನ್ನು ಕಿತ್ತು ಬೀದಿಯನ್ನು ಅಗಲ ಮಾಡುವುದು, ಗಾಡಿಗಳು ಸರಾಗವಾಗಿ ಓಡಾಡುವ ಹಾಗೆ ಮಾಡುವುದು, ಹಾಸನ್ನು ಊರಾಚೆಯ ಬಯಲಿಗೆ ಸಾಗಿಸುವುದು ಎಂದು ಅವನು ತೀರ್ಮಾನಿಸಿದ. ಆದರೆ ನ್ಯಾಯವಂತ ನೋಡು, ಜನರನ್ನು ಕೇಳದೆ ಮಾಡುವುದುಂಟೆ? ಒಂದು ಸಂಜೆ ಡಂಗುರ ಹೊಡೆಸಿದ. ತಕರಾರಿದ್ದವರು ನಾಳೆ ಬೆಳಿಗ್ಗೆ ಚಾವಡಿಗೆ ಬಂದು ಹೇಳಬೇಕು ಎಂದು ಸಾರಿಸಿದ.

ಮರುದಿನ ಬೆಳಿಗ್ಗೆ ಒಬ್ಬ ವಿಧವೆಯ ಹಾಸಿನ ಸರದಿ. ಗಂಡ ಸತ್ತ ಮೇಲೆ ಅವಳ ಮನೆಯ ಮಗ್ಗ ನಿಂತುಹೋಗಿತ್ತು. ಮೂಗುತಿ ಮಾರಿ ನೂಲು ತಂದಿದ್ದಳು. ಆ ಹಾಸು ಕೆಟ್ಟರೆ ಅವಳ ಮಗ್ಗ ಮತ್ತೆ ಆಡುವಂತಿರಲಿಲ್ಲ. ನೂಲು ಆಗಲೇ ಗಂಜಿಯಲ್ಲಿ ನೆನೆದಿತ್ತು.

ಡಂಗುರ ಕೇಳಿ ಆ ಹೆಂಗಸು ಬೀದಿಯ ಯಜಮಾನನ ಮನೆ ಬಾಗಿಲಿಗೆ ಹೋದಳು.

"ನನ್ನದು ಹೋದರೆ ಹೋಗಲಿ ಯಜಮಾನರೇ. ನಾಳೆ ನೀವೆಲ್ಲ ಚಾವಡಿಗೆ ಹೋಗಿ."

"ಸುಮ್ಮನಿರು ತಾಯಿ. ಗಂಜಿ ಕುಡಿದ ನೂಲು ಕಾಯುತ್ತದೆಯೇ? ಚಾವಡಿಯೇನು ಎದ್ದು ಓಡಿಹೋಗುವುದಿಲ್ಲ. ಹಾಸು ಆರಿದ ಮೇಲೆ ಎಲ್ಲರೂ ಒಟ್ಟಿಗೆ ಹೋಗೋಣ."

ಆ ಜನ ಮಾಡಿದ ತಪ್ಪು ಅದೊಂದೇ. ಬೇರೆ ಯಾವ ಬೀದಿಯವರೂ ಅಂಥ ತಪ್ಪು ಮಾಡುತ್ತಿರಲಿಲ್ಲ. ಹುಟ್ಟಿದಾಗಿನಿಂದ ಅವರು ನೋಡಿದ್ದು ಹಾಸಿಗಾಗಿ ಕಾಯುವ ಜನರನ್ನೇ. ದಿಬ್ಬಣ ಕಾಯುತ್ತದೆ, ಗಾಡಿ ಕಾಯುತ್ತದೆ, ಅಂದ ಮೇಲೆ ಚಾವಡಿಯೂ ಕಾಯುತ್ತದೆ ಎಂದುಕೊಂಡರು. ಪಾಪ!

ಬೆಳಿಗ್ಗೆ ಇಡೀ ಬೀದಿ ಬಂದು ಆ ವಿಧವೆಯ ಹಾಸಿನ ಕೆಲಸಕ್ಕೆ ನಿಂತಿತು. ಎಂದಿಗಿಂತ ಬೇಗ ಬೇಗ ತೀಡಿದರು. ಬಿಸಿಲು ಮಾತ್ರ ತನ್ನ ಹೊತ್ತಿಗೇ ಏರಿತು. ಹಾಸು ಚೆನ್ನಾಗಿ ಆರಿತು. ಒಂದು ಎಳೆಯೂ ಕೆಡಲಿಲ್ಲ. ಕೈಗೆ ಅಂಟಿದ ಗಂಜಿಯನ್ನೂ ತೊಳೆಯದೆ ಎಲ್ಲರೂ ಚಾವಡಿಗೆ ಓಡಿದರು.

ಬಾಗಿಲಿಗೆ ಬೀಗ ಬಿದ್ದಿತ್ತು.

ಯಜಮಾನ ಅಧಿಕಾರಿಯ ಮನೆಗೇ ಹೋದ. ಅಧಿಕಾರಿ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

"ಕರೆದಾಗ ಯಾಕೆ ಬರಲಿಲ್ಲ?"

"ಹಾಸು ಬೀದಿಯಲ್ಲಿತ್ತು ಸ್ವಾಮಿ."

"ಅದನ್ನೇ ಅಲ್ಲವೇ ನಾನು ಹೇಳುತ್ತಿರುವುದು? ಬೀದಿ ಇರುವುದು ಗಾಡಿಗೆ, ನಿಮ್ಮ ಹಾಸಿಗಲ್ಲ."

ಯಾರ ತಕರಾರೂ ಇಲ್ಲ ಎಂದು ಅವನು ಆಗಲೇ ಮೇಲಕ್ಕೆ ಹೇಳಿ ಕಳಿಸಿದ್ದ. ಕೇಳಿದೆಯಾ? ಒಬ್ಬ ದಿಕ್ಕಿಲ್ಲದ ಹೆಂಗಸಿನ ನೂಲನ್ನು ಉಳಿಸುತ್ತ ನಿಂತಿದ್ದರು ಆ ಜನ. ಅದಕ್ಕೆ ಒಪ್ಪಿಗೆ ಎಂದು ಹೆಸರಿಟ್ಟ ಆ ಪುಣ್ಯಾತ್ಮ! ಕೈ ಖಾಲಿಯಿದ್ದ ಸೋಮಾರಿಗಳು ನಾಲ್ಕು ಜನ ಅವತ್ತು ಚಾವಡಿಗೆ ಹೋಗಿದ್ದರಂತೆ. ಅವರಿಗೆ ಕಾಫಿ ಕೊಟ್ಟು, ಜನ ಒಪ್ಪಿದರು ಎಂದು ಖುಷಿಪಟ್ಟನಂತೆ. ಥೂ!

ಜಗಲಿಗಳು ಹೋದವು. ರಸ್ತೆ ಅಗಲವಾಯಿತು. ಊರಾಚೆಯ ಬಯಲಿನಲ್ಲಿ ಹಾಸು ಎಳೆಯಲು ಜಾಗ ಕೊಟ್ಟರು. ಬೀದಿಯಲ್ಲಾದರೆ ಮುದುಕಿಯರು ಬಾಗಿಲಲ್ಲೇ ನಿಂತು ಎಳೆ ಬಿಡಿಸುತ್ತಿದ್ದರು, ಬಾಣಂತಿಯರು ಮಗುವನ್ನು ಮಲಗಿಸಿ ಬಂದು ತೀಡುತ್ತಿದ್ದರು. ಬಯಲಿಗೆ ಅವರು ಹೋಗುವುದು ಹೇಗೆ? ಮೊದಲು ಅವರು ನಿಂತರು. ಕೈ ಕಡಿಮೆಯಾಯಿತು. ಕೈ ಕಡಿಮೆಯಾದ ಮೇಲೆ ಹಾಸು ಕೆಟ್ಟವು. ಹಾಸು ಕೆಟ್ಟ ಮನೆಯವರು ಇನ್ನೊಬ್ಬರ ಹಾಸು ತೀಡಲು ಬರುವುದನ್ನು ಬಿಟ್ಟರು. ಒಂದೊಂದೇ ಮಗ್ಗದ ಸದ್ದು ಅಡಗಿತು. ಗಂಡಸರು ಬೇರೆ ಊರುಗಳಿಗೆ ಗಾರೆ ಕೆಲಸಕ್ಕೆ ಹೋದರು.

ಸಿಟ್ಟು ಯಾರ ಮೇಲೆ ತಿರುಗಿತು ಗೊತ್ತೇ? ಆ ವಿಧವೆಯ ಮೇಲೆ. ಇವಳ ಹಾಸು ತೀಡುತ್ತ ನಿಲ್ಲದೆ ಅವತ್ತು ಚಾವಡಿಗೆ ಹೋಗಿದ್ದರೆ ಬೀದಿ ಉಳಿಯುತ್ತಿತ್ತು ಎಂದು ಅವಳ ಮುಖದ ಮೇಲೇ ಹೇಳಿದರು. ಬೀದಿಯನ್ನು ಹಾಳು ಮಾಡಿದವನು ಜನರ ಹೊಟ್ಟೆಯ ಮೇಲೆ ಮಾತ್ರ ಹೊಡೆಯಲಿಲ್ಲ ಕಣಯ್ಯಾ. ಒಬ್ಬರಿಗೊಬ್ಬರು ಕೈ ಜೋಡಿಸಿದ್ದೇ ತಪ್ಪು ಎಂದು ಅವರ ಬಾಯಲ್ಲೇ ಹೇಳಿಸಿದ. ಅವನನ್ನು ನಾನು ಕ್ಷಮಿಸುವುದಿಲ್ಲ. ಆ ಹೆಂಗಸು ಅವತ್ತಿನ ಹಾಸನ್ನು ನೇಯ್ದು ಮುಗಿಸಿದಳು. ಆಮೇಲೆ ಮಗ್ಗವನ್ನು ಸೌದೆಗೆ ಕೊಟ್ಟಳು. ಅಧಿಕಾರಿ ಅವಳಿಗೆ ಅದೇ ರಸ್ತೆಯ ಕಸ ಗುಡಿಸುವ ಕೆಲಸ ಕೊಟ್ಟ. ಊರಿಗೆ ಹೊಸ ಉದ್ಯೋಗ ಬಂತು ಎಂದು ಭಾಷಣವನ್ನೂ ಮಾಡಿದ.

ಗಾಡಿಗಳು ಬಂದವು. ಸರಾಗವಾಗಿ ಬಂದವು. ದೂರು ಕೊಟ್ಟಿದ್ದ ವ್ಯಾಪಾರಿ ಗಾಡಿಯಿಂದ ಇಳಿದು ಅತ್ತ ಇತ್ತ ನೋಡಿದ. ರಸ್ತೆ ಗುಡಿಸುತ್ತಿದ್ದ ಹೆಂಗಸನ್ನು, ಬಟ್ಟೆ ಎಲ್ಲಿ ಸಿಗುತ್ತದೆ ಎಂದು ಕೇಳಿದ. ಅವಳು ಗುಡಿಸುತ್ತ ಮುಂದೆ ಹೋದಳು. ವ್ಯಾಪಾರಿ ಗಾಡಿ ಹತ್ತಿ ಬೇರೆ ಊರಿಗೆ ಹೋದ.

ಅಧಿಕಾರಿಗೆ ಹಾರ ಹಾಕಿದರು. ಇದಕ್ಕಿಂತ ದೊಡ್ಡ ಊರೊಂದನ್ನು ಅವನ ಕೈಗೆ ಕೊಟ್ಟರು.

ಗುರುಗಳು ಮಾತು ನಿಲ್ಲಿಸಿದರು. ಅವರ ಉಸಿರು ಜೋರಾಗಿತ್ತು. ಕೊಟ್ರೇಶ ಕೈ ಮುಗಿದೇ ಹೇಳಿದ.

"ಆ ಅಧಿಕಾರಿಗೆ ಸೊಕ್ಕು, ಬುದ್ಧಿ. ನಾನು ಹಾಗೆ ಮಾಡಿಲ್ಲ. ಭಟ್ಟಿಯವರ ಮನೆ ಮನೆಗೂ ನೋಟಿಸ್ ಕೊಡಿಸಿದೆ. ಬೆಳಿಗ್ಗೆ ಸಭೆ ಇಟ್ಟು, ಮಧ್ಯಾಹ್ನದವರೆಗೆ ನಾನೇ ಕೂತು ಕಾದೆ. ಒಬ್ಬರೂ ಬರಲಿಲ್ಲ. ಅವರಿಗೇ ಬೇಡವಾದ ಮೇಲೆ ನಾನೇನು ಮಾಡಲಿ?"

ಗುರುಗಳು ಅವನನ್ನೇ ನೋಡುತ್ತ ಕೇಳಿದರು:

"ನೀನು ಕೂತು ಕಾಯುತ್ತಿದ್ದ ಹೊತ್ತಿನಲ್ಲಿ ಭಟ್ಟಿಯ ಬೆಂಕಿಯ ಮುಂದೆ ಯಾರು ನಿಂತಿದ್ದರು, ಕೊಟ್ರೇಶಾ?"