ಗ್ರಹಣದ ದಿನದ ಬದನೆಕಾಯಿ

ಚಿಕ್ಕೇರಿ ಮಠದ ಪರಮಪೂಜ್ಯ ಗುರುಪಾದಜ್ಜನವರನ್ನು ಕಾಣಬೇಕಾದರೆ ಭಕ್ತರು ಪೀಠದ ಕಡೆ ಹೋಗುತ್ತಿರಲಿಲ್ಲ, ನೇರ ದಾಸೋಹದ ಅಡುಗೆಮನೆಗೆ ಹೋಗುತ್ತಿದ್ದರು. ಪೂಜ್ಯರು ಈಳಿಗೆಯ ಮುಂದೆ ಕುಳಿತು ಕಾಯಿಪಲ್ಯ ಹೆಚ್ಚುತ್ತಲೇ ಎಲ್ಲರ ದುಃಖ ಕೇಳುತ್ತಿದ್ದರು. ಮೈಯೂ ಗಟ್ಟಿಮುಟ್ಟು, ನಗೆಯೂ ಅಷ್ಟೇ ದೊಡ್ಡದು.

ಒಂದು ಮುಂಜಾನೆ ಫಕೀರವ್ವನೆಂಬಾಕೆ ಸೊಸೆ ಸಾವಕ್ಕನನ್ನು ಕರೆತಂದಳು. ತಿಂಗಳ ಹಿಂದೆ ಸಾವಕ್ಕನ ತುಂಬು ದಿನದ ಕೂಸು ಹೊಟ್ಟೆಯಲ್ಲೇ ತೀರಿಹೋಗಿ ಹುಟ್ಟಿತ್ತು. ಅಂದಿನಿಂದ ಆಕೆ ತುಟಿ ಬಿಚ್ಚಿರಲಿಲ್ಲ. ಅತ್ತೆಯ ಬಾಯಿಗಂತೂ ಬಿಡುವೇ ಇರಲಿಲ್ಲ.

"ಅಜ್ಜಾರ, ಗ್ರಹಣದಾಗ ಈಕಿ ಬದನಿಕಾಯಿ ಹೆಚ್ಚಿದ್ಳ್ರೀ. ಅದಕ್ಕ ಕೂಸು ಹೋತು. ಪ್ರಾಯಶ್ಚಿತ್ತ ಹೇಳ್ರಿ, ಇಲ್ಲಾಂದ್ರ ತವರಮನಿಗೆ ಕಳಿಸಿಬಿಡ್ತೀನಿ."

ಪೂಜ್ಯರು ತಮ್ಮ ಕೈಯಲ್ಲಿದ್ದ ಬದನೆಕಾಯಿಯನ್ನು ಒಮ್ಮೆ ನೋಡಿದರು. "ನಾ ಹೊಟ್ಟ್ಯಾಗಿದ್ದಾಗ ನಮ್ಮವ್ವ ಗ್ರಹಣದ ದಿನಾನ ಬುಟ್ಟಿಗಟ್ಟಲೆ ಹೆಚ್ಚಿದ್ಳಂತ. ನೋಡವ್ವಾ, ನನ್ನಾಗ ಏನರ ಕಡಿಮಿ ಬಿದ್ದೈತೇನು?"

ಅಡುಗೆಮನೆಯಲ್ಲಿದ್ದವರೆಲ್ಲ ನಕ್ಕರು. ಫಕೀರವ್ವನೂ ನಗೆ ತಡೆಯಲಾಗದೆ ಸೆರಗನ್ನು ಬಾಯಿಗೊತ್ತಿಕೊಂಡಳು.

ಪೂಜ್ಯರು ಸಾವಕ್ಕನತ್ತ ತಿರುಗಿ, "ಡಾಕ್ಟರು ಏನಂದ್ರವ್ವಾ?" ಎಂದು ಕೇಳಿದರು. ತಿಂಗಳಿಡೀ ಆ ಮಾತನ್ನು ಯಾರೂ ಆಕೆಯನ್ನು ಕೇಳಿರಲಿಲ್ಲ, ನೋಡಿ! ಬಿಪಿ ಬಹಳ ಏರಿತ್ತಂತೆ, ಅದರಿಂದ ಹೊಕ್ಕುಳಬಳ್ಳಿ ಅಂಟಿಕೊಂಡಿರುವ ಮಾಸಿನ ಮೂಲಕ ಕೂಸಿಗೆ ರಕ್ತ ಸರಿಯಾಗಿ ಸಿಕ್ಕಿರಲಿಲ್ಲವಂತೆ. ತಲೆ ಸಿಡಿಯುತ್ತಿತ್ತು, ಮುಖ ಕೈಕಾಲು ಬಾತಿದ್ದವು ಎಂದು ಸಾವಕ್ಕ ಮೆಲ್ಲಗೆ ಹೇಳಿದಳು.

ಫಕೀರವ್ವನ ನಗೆ ನಿಂತುಹೋಯಿತು. ಬಸುರಿಗೆ ಇದೆಲ್ಲ ಇದ್ದದ್ದೇ ಎಂದು ಆಸ್ಪತ್ರೆಗೆ ಹೋಗಗೊಡದವಳು ಅವಳೇ. ಹಣೆ ಹಣೆ ಬಡಿದುಕೊಂಡಳು. "ಹಂಗಾರ ನಾನಽ ಕೊಂದೆನೇನ್ರೀ ಅಜ್ಜಾರ!"

"ಆಕಿ ತಲಿಮ್ಯಾಲಿನ ಕಲ್ಲು ಇಳಿಸಂದ್ರ ನಿನ್ನ ತಲಿಮ್ಯಾಲೆ ಹೊತಗೊಳ್ತೀಯಲ್ಲ! ಗೊತ್ತಿದ್ದು ಮಾಡಿದಿಯೇನು? ಎಷ್ಟೋ ಸಲ ಯಾಕಾತಂತ ಡಾಕ್ಟರಿಗೂ ತಿಳಿಯೂದಿಲ್ಲ. ತಪ್ಪು ಹುಡುಕೂದ್ರಾಗ ಕೂಸಿನ ಸಲುವಾಗಿ ಅಳೂದನ್ನ ಮರತೀರಿ. ಮೊದಲು ಅತ್ತುಬಿಡ್ರಿ."

ಅತ್ತೆ ಸೊಸೆ ತಬ್ಬಿಕೊಂಡು ಮನಸಾರೆ ಅತ್ತರು. ಅತ್ತು ಹಸಿವಾಗಿ, ಪೂಜ್ಯರ ಕೈಯಿಂದಲೇ ಬಡಿಸಿಕೊಂಡು ಎರಡೆರಡು ರೊಟ್ಟಿ ಹೆಚ್ಚಿಗೆ ಉಂಡರು.

ಎರಡು ವರ್ಷಕ್ಕೆ ಸಾವಕ್ಕನಿಗೆ ಹೆಣ್ಣುಮಗು ಹುಟ್ಟಿತು. ಆದರೆ ಪೂಜ್ಯರ ನಿಜವಾದ ಪವಾಡ ಫಕೀರವ್ವನೇ ಎಂದು ನನ್ನ ನಂಬಿಕೆ. ಊರಿನ ಯಾವ ಬಸುರಿ ಕಂಡರೂ ಈಗ ಆಕೆ ಬಿಡುವುದಿಲ್ಲ: "ಬಿಪಿ ನೋಡಿಸೀಯೇನು? ಕೂಸು ಹೊರಳ್ಯಾಡತೈತೇನು? ಕಡಿಮಿ ಆತಂದ್ರ ಆವತ್ತಽ ದವಾಖಾನಿಗೆ ನಡಿ!"

ಮೊಮ್ಮಕ್ಕಳೆಷ್ಟು ಎಂದು ಕೇಳಿದರೆ ಹೆಮ್ಮೆಯಿಂದ ಹೇಳುತ್ತಾಳೆ: "ಎರಡ್ರೀ. ಒಂದು ಶಿವನ ಹತ್ರ ಐತಿ, ಒಂದು ನನ್ನ ಸೊಂಟದ ಮ್ಯಾಲೈತಿ."